ಸಭೆಯಲ್ಲಿ ಹಸು ಕೂಗಿದ್ದು

ಬೇಡ, ಬೇಡ! ಬಾಯಿ ತೆಗೀಬೇಡ ಅಂದೆ! ಗಂಟಲು ಕುಯ್ಸಿಕೊಂಡು ಇನ್ನೂ ವಾರ ಆಗಿಲ್ಲ. ಹದಿನೈದು ದಿನ ಪಿಟಕ್ಕನ್ನಬಾರದು ಅಂದಿದಾರೆ ಡಾಕ್ಟರು... ಅಯ್ಯಯ್ಯೋ, ಹಬ್ಬೊ ಟಾಮೆನ್ ಹದಿನೈದು ದಿನ ಸುಮ್ಮನೆ! ಈ ಸುಖಕ್ಕೆ ನಲವತ್ತು ವರ್ಷದಿಂದ ಕಾದಿದ್ದೆ ಕಣೋ. ಈಗ ನಿನ್ನ ಗೆಳೆಯ ಎನ್ನೊ ಮಾತಾಡ್ತಾನೆ, ನೀನು ಕೇಳು. ಚಹಾಕ್ಕೆ ಕಲ್ಲುಸಕ್ಕರೆ ಒಂದು ತಾನೆ... ಎರಡಾ? ಎಪ್ಪತ್ತಾಯ್ತು, ಆಸೆ ಮಾತ್ರ ಹೋಗಿಲ್ಲ.

ಹೂಂ. ನಾಳೆ ಪುರಭವನದಲ್ಲಿ ನಿನ್ನ ಎಪ್ಪತ್ತರ ಸಮಾರಂಭ. ನಿನ್ನ ಬದಲು ನಾನು ಓದಬೇಕು. ಓದ್ತೀನಿ, ಬೇಡ ಅಂದವರ್ಯಾರು? ಆದರೆ ಯಾವ ಕಥೆ ಅಂತ... ಮತ್ತೆ ನಿನ್ನ ಪುಸ್ತಕದ ಅದೇ ಪುಟಕ್ಕೆ ಬೆರಳು! ಬೇಡ ಮಾರಾಯ. ಆ ಹಸುವಿನ ಕಥೆ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ. ಪಾದ್ರಿ ಹೆಂಡತಿ ಈಲು ಮೀನು ಹಿಡಿದದ್ದು ಓದ್ತೀನಿ. ಬೇಡ್ವಾ? ಶಾಲೆ ಕಥೆ? ಆರು ವರ್ಷದ ಹಬ್ಬೊ, ಮನೇಲಿ ನಮ್ಮ ಕರಾವಳಿ ಹಳ್ಳಿಗರ ಪ್ಲಾಟ್ ಮಾತು ಬಿಟ್ಟು ಪೇಟೆ ಜರ್ಮನ್ ಕೇಳಿದವನಲ್ಲ. ಮೇಷ್ಟ್ರ ಮುಂದೆ ಅದನ್ನೇ ಆಡಿದ. 'ಕೊಟ್ಟಿಗೆ ಮಾತು ಇಲ್ಲಿ ಬೇಡ' ಅಂತ ಮೂಲೇಲಿ ನಿಲ್ಲಿಸಿದ್ರು. ಪಕ್ಕದಲ್ಲಿ ನಾನೂ ನಿಂತಿದ್ದೆ. ಪುಸ್ತಕದಲ್ಲಿ ಮಾತ್ರ ನೀನೊಬ್ಬನೇ ನಿಂತಿದೀಯ!

ಯಾಕೆ ನಗ್ತೀಯ? ಸುಳ್ಳಾ? ಸದ್ದಿಲ್ಲದೆ ನಕ್ಕರೆ ಹೊಟ್ಟೆ ಮಾತ್ರ ಕುಣಿಯುತ್ತೆ ನೋಡು.

ಕೂಲಿಯವನ ಮಗ, ಹಾಲಿನ ಡೇರಿ ಗುಮಾಸ್ತ, ಆಮೇಲೆ ಊರ ಮೇಯರ್, ಆಮೇಲೆ ಹ್ಯಾನೋವರ್‌ನ ಶಾಸನಸಭೆ! ನಾನೂ ನಿನ್ನ ಹಿಂದೇನೇ ಬಂದೆ. ಒಂದೇ ಪಕ್ಷ, ಒಂದೇ ರೈಲು, ಒಂದೇ ಬುತ್ತಿ. ನೀನು ಮೊದಲನೇ ಸಾಲು, ನಾನು ಕೊನೇದು. ಹನ್ನೊಂದು ವರ್ಷ ನಿನ್ನ ಬೋಳು ಮಂಡೆ ನೋಡಿದೀನಿ. ನಡುದಾರಿಯಾಚೆ ವಿರೋಧ ಪಕ್ಷದ ವಕೀಲ ಬ್ರಾಕ್‌ಮನ್. ಇಸ್ತ್ರಿ ಮುರಿಯದ ಕೋಟು, ಇಸ್ತ್ರಿ ಮುರಿಯದ ಜರ್ಮನ್...

ಅವತ್ತು, ಸಮುದ್ರದ ಒಡ್ಡು ಒಡೆದ ವರ್ಷ, ನೀನೆದ್ದು ನಿಂತು, 'ಒಡ್ಡಿನ ವಿಷಯ ಒಡ್ಡಿನವರ ಮಾತಲ್ಲೇ ಹೇಳ್ತೀನಿ' ಅಂತ ಪ್ಲಾಟ್‌ನಲ್ಲಿ ಶುರುಮಾಡಿದೆ. ಸಭೆ ಗಪ್‌ಚಿಪ್. ಪತ್ರಿಕೆಯವರು ಪೆನ್ನು ತೆಗೆದರು. ಆಗ ಹಿಂದಿನಿಂದ ಯಾರೋ ಹಸು ಕೂಗಿದ ಹಾಗೆ ಕೂಗಿದ್ರು. ಬಿದ್ದೂ ಬಿದ್ದೂ ನಕ್ಕಿತು ಸಭೆ. ಕೈಲಿದ್ದ ಹಾಳೆ ಮಡಚಿ ಜೇಬಿಗಿಟ್ಟು ಕೂತುಬಿಟ್ಟೆ. ಮತ್ತೆ ಚುನಾವಣೆಗೇ ನಿಲ್ಲಲಿಲ್ಲ. ಮನೆಗೆ ಬಂದು ಈ ಕಥೆ ಬರೆದೆ. ಕೂಗಿದವನು ವಕೀಲ ಬ್ರಾಕ್‌ಮನ್ ಅಂತ! ಕರು ನುಂಗಿದ ವಕೀಲ! ನಾಡೆಲ್ಲಾ ಓದಿ ನಕ್ಕಿತು, ನೀನು ದೊಡ್ಡ ಲೇಖಕನಾದೆ. ಅವನ ಹಿಂದೆ ಬೀದೀಲಿ ಜನ ಅಂಬಾ ಅಂತಿದ್ರು. ಚುನಾವಣೆ ಸೋತ, ಕಚೇರಿ ಮುಚ್ಚಿದ, ಬ್ರೆಮೆನ್ ಸೇರಿದ.

ಅದಕ್ಕೇ ಹೇಳೋದು, ಮುಗಿದ ಕಥೆ, ಬಿಡು. ಇದೇನು, ಕಾಗದ? 'ಆಹ್ವಾನಕ್ಕೆ ವಂದನೆ. ಬರುತ್ತೇನೆ. ಕಿವಿ ಮಂದವಾಗಿದೆ, ಮುಂದಿನ ಸಾಲಿನಲ್ಲಿ ಕೂರಿಸಿ. ಬ್ರಾಕ್‌ಮನ್.'

ಕರೆದಿದೀಯಾ?! ಆ ಮುದುಕನನ್ನ ಮುಂದೆ ಕೂರಿಸಿ ಇದನ್ನೇ ಓದಬೇಕಾ? ನಿನಗೇನು ತಲೆ ಕೆಟ್ಟಿದೆಯಾ?

ಬೆರಳು ತೆಗಿ ಪುಟದಿಂದ... ಸರಿ, ಸರಿ, ಓದ್ತೀನಿ. 'ಸಭೆ ಮೌನವಾಗಿತ್ತು. ಆಗ ಒಂದು ದನಿ...' ಅಂ. ಏನು? ಸಣ್ಣದಾಯ್ತಾ? ಅಂಬಾ. ಇನ್ನೂ ಜೋರಾ? ಅಡುಗೆಮನೇಲಿ ನಿನ್ನ ಹೆಂಡತಿ ಫೋಲ್ಕೆ ಬೆಚ್ಚಿಬೀಳ್ತಾಳೆ ಕಣೋ... ಆಯ್ತು, ತಗೋ! ಅಂಬಾ...ಆ...ಆ!

ಹೇಗೆ? ಹುಲ್ಲುಗಾವಲಲ್ಲಿ ಹೀಗೇ ಕೂಗ್ತಿದ್ದೆ, ಊರ ಹಸುಗಳೆಲ್ಲ ನನ್ನ ಕಡೆ ತಿರುಗ್ತಿದ್ವು, ನೀನು...

ಯಾಕೆ ಹಾಗೆ ನೋಡ್ತೀಯ?

ನಗು. ಈಗ ನಗಬೇಕಿತ್ತಲ್ಲ ನೀನು... ಹಬ್ಬೊ?

ಪೇಟೆ ವಕೀಲರಿಗೂ ಕೂಗೋಕೆ ಬರುತ್ತಪ್ಪ. ಯಾಕೆ ಬರಬಾರದು? ...ಹೀಗೆ ಬರಲ್ಲ ಅಂತ ಕೈ ಆಡಿಸ್ತೀಯ. ಹೂಂ. ಇದು ನಮ್ಮೂರ ಹಸು. ಹಾಗಂತ... ಪುಟ ಯಾಕೆ ತಿರುಗಿಸ್ತೀಯ? ಬ್ರಾಕ್‌ಮನ್ ಹೆಸರಿದ್ದ ಕಡೆಯೆಲ್ಲ ಪೆನ್ಸಿಲಲ್ಲಿ ಹೊಡೆದು... ಮೇಲೆ... ಇದು ನನ್ನ ಹೆಸರು.

ಹೌದು ಕಣೋ! ನಾನೇ! ಹನ್ನೊಂದು ವರ್ಷದಲ್ಲಿ ನನ್ನ ಹೆಸರು ಒಂದೇ ಒಂದು ಪತ್ರಿಕೇಲಿ ಬರಲಿಲ್ಲ. ಮೂಲೇಲಿ ನಿಂತವನು ನಾನೂ, ಆ ಮಾತು ನಂದೂ. ನೀನು ಅದನ್ನ ನಿನ್ನೊಬ್ಬಂದೇ ಅನ್ನೋ ಹಾಗೆ ಎತ್ತಿ ಹಿಡ್ಕೊಂಡು ನಿಂತೆ ನೋಡು... ಬಂದುಬಿಡ್ತು ಬಾಯಿಂದ. ಎಲ್ಲರೂ ನಕ್ಕಾಗ, ಒಂದು ಗಳಿಗೆ, ನಂಗೆ ಖುಷಿಯಾಯ್ತು. ಆಮೇಲೆ ನೀನು ಹಾಳೆ ಮಡಚಿದ್ದು ಕಂಡೆ. ಹೇಳೋಕೆ ಬಂದೆ ಕಣೋ, ಎಷ್ಟು ಸಲ ಈ ಬಾಗಿಲ ತನಕ ಬಂದೆ...

ಯಾವಾಗ ಗೊತ್ತಾಯ್ತು ನಿನಗೆ? ಈಚೆಗಾ? ಅಲ್ವಾ? ಪುಸ್ತಕ ಬಂದಮೇಲಾ? ...ಅವತ್ತೇನಾ? ತಲೆ ಆಡಿಸ್ತೀಯಲ್ಲೋ... ಅವತ್ತೇ, ಅಲ್ಲೇ!

ಗೊತ್ತಿದ್ದೂ ಬರೆದೆ. ಗೊತ್ತಿದ್ದೂ ಆ ಮನುಷ್ಯನ ಹೆಸರು ಹಾಕಿದೆ. ಸ್ವಂತ ಗೆಳೆಯ ಕೂಗಿದ ಅಂದ್ರೆ ಯಾರೂ ನಗ್ತಿರಲಿಲ್ಲ, ಅಲ್ವಾ? ವಕೀಲ ಅಂದ್ರೇ ಚಂದ.

ಓದ್ತೀನಿ. ನನ್ನ ಹೆಸರು ಹಾಕೇ ಓದ್ತೀನಿ. ಓದಿ ಮುಗಿಸಿದ ಮೇಲೆ ಆ ಮುದುಕ ಕಿವಿಗೆ ಕೈ ಹಿಡಿದು ನನ್ನ ಕೇಳ್ತಾನೆ, 'ಇದು ಟಾಮೆನ್‌ಗೆ ತಿಳಿದದ್ದು ಯಾವಾಗ?' ಅಂತ. ಏನು ಹೇಳಲಿ?

ಹಬ್ಬೊ, ಕಿಟಕಿ ಕಡೆ ಏನಿದೆ? ಈ ಕಡೆ ನೋಡು.

ನೆನ್ನೆ ತಿಳೀತು ಅನ್ನಬೇಕಾ ನಾನು?