ಇಸ್ಮೇಗೆ ಪಿಕ್ಚರ್ ಹೇಳುತ್ತಿದ್ದವರು

ಆ ಶನಿವಾರ ಮಧ್ಯಾಹ್ನ ನಮ್ಮೂರು ಅರಿಮಾದಲ್ಲಿ ಮಳೆ ಹೇಗೆ ಹಿಡಿದಿತ್ತೆಂದರೆ, ತಗಡಿನ ಮಾಡಿನ ಸದ್ದಿಗೆ ಪಕ್ಕದಲ್ಲಿ ಕುಳಿತವರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಕರೆಂಟೂ ಹೋಗಿತ್ತು. ಟಾಂಟಿ ಕ್ಲೋಟಿಲ್ಡಳ ಜಗಲಿಯಲ್ಲಿ ನಾವು ಐದಾರು ಮಂದಿ ಮೊಮ್ಮಕ್ಕಳು ಸೇರಿದ್ದೆವು. ಟಾಂಟಿ ಅಂದರೆ ನಮ್ಮಜ್ಜಿಯ ತಂಗಿ. ತೊಂಬತ್ತರ ಹತ್ತಿರ ವಯಸ್ಸು, ಮೈಯಲ್ಲಿ ಬರೀ ಮೂಳೆ, ದನಿ ಮಾತ್ರ ಇನ್ನೂ ಗಟ್ಟಿ.

ನಮ್ಮ ಕೆರ್ವಿನ್ ತುಟಿ ಊದಿಸಿಕೊಂಡು ಬಂದಿದ್ದ. ಮಾಲ್‌ನ ಸಿನಿಮಾದಲ್ಲಿ ಮುಂದಿನ ಸೀಟಿನವನೊಬ್ಬ ಪಿಕ್ಚರ್ ಉದ್ದಕ್ಕೂ ಫೋನಿನಲ್ಲಿ ಮಾತಾಡುತ್ತಿದ್ದನಂತೆ. ಇವನು ಸೀಟಿಗೆ ಒದ್ದ, ಅವನು ಎದ್ದು ಗುದ್ದಿದ.

"ಬರೋ ವಾರ ಸಿಗ್ಲಿ ಆ ನನ್ಮಗ. ಚೀಲದಲ್ಲಿ ಬಾಟಲಿ ಇಟ್ಕೊಂಡೇ ಹೋಗ್ತೀನಿ," ಅಂದ.

ನಾವು ನಕ್ಕೆವು. ಟಾಂಟಿ ನಗಲಿಲ್ಲ.

"ಬಾಟಲಿ ಅಂದ್ಯಾ? ಕುರ್ಚಿ ಹತ್ರ ಎಳ್ಕೊಳ್ಳಿ ಎಲ್ರೂ. ಈ ಮಳೇಲಿ ಕಿರುಚೋಕೆ ನನ್ನ ಕೈಲಾಗಲ್ಲ."

ಎಳೆದುಕೊಂಡೆವು. ಅವಳು ಶುರುಮಾಡಿದಳು.

"ನಾನಾಗ ಅರೋರಾ ಥಿಯೇಟರಿನಲ್ಲಿ ಟಾರ್ಚ್ ಹಿಡ್ಕೊಂಡು ಜನಕ್ಕೆ ಜಾಗ ತೋರಿಸೋ ಕೆಲಸದಲ್ಲಿದ್ದೆ. ಇಪ್ಪತ್ತೊಂದು ವಯಸ್ಸು. ಮೇಲೆ ಬಾಲ್ಕನಿಯಲ್ಲಿ ಟೋಪಿ, ಗ್ಲೌಸು ಹಾಕ್ಕೊಂಡ ದೊಡ್ಡ ಮನುಷ್ಯರು, ನಡುವೆ ಮೇಷ್ಟ್ರುಗಳು, ಗುಮಾಸ್ತರು, ಕೆಳಗೆ ಪರದೆಯ ಮೂಗಿನಡಿಗೆ ಪಿಟ್ಟು... ಬರೀ ಬೆಂಚು, ಒರಗೋಕೂ ಏನಿಲ್ಲ. ಆ ಪಿಟ್ಟಿನವರ ಮರ್ಯಾದೆ ಏನಂತ ಹೇಳ್ಲಿ? ವಿಲನ್ ಬಾಗಿಲ ಹಿಂದೆ ನಿಂತ್ರೆ, 'ಹಿಂದೆ ನೋಡೋ ಪೆದ್ದೇ!' ಅಂತ ಹೀರೋಗೇ ಬೈಯೋರು, ಅವನು ಹುಡುಗಿಗೆ ಮುತ್ತು ಕೊಟ್ರೆ ನೂರು ಬಾಯಿ ಒಟ್ಟಿಗೆ ಚಪ್ಪರಿಸೋದು, ರೀಲು ಕಡಿದು ಹೋಯ್ತೋ ಪರದೆಗೆ ಕಿತ್ತಳೆ ಸಿಪ್ಪೆ, ಖಾಲಿ ಬಾಟಲಿ, ಒಂದ್ಸಲ ಸತ್ತ ಹೆಗ್ಗಣಾನೂ ಬಿತ್ತು. ಮುಂದೆ ಕೂತವನ ತಲೆ ಅಡ್ಡ ಬಂದ್ರೆ 'ಸ್ವಲ್ಪ ಸರಿಯಪ್ಪಾ' ಅನ್ನೋದು ಯಾರಿಗೂ ಗೊತ್ತಿರ್ಲಿಲ್ಲ, ಆ ತಲೆಗೇ ಒಂದು ಬಿಗಿಯೋರು.

"ಅಂಥ ಪಿಟ್ಟಿಗೆ ಪ್ರತಿ ಶನಿವಾರ ಹನ್ನೆರಡೂವರೆ ಆಟಕ್ಕೆ ಬೋವೆಲ್ ಅನ್ನೋರು ಹೆಂಡತಿ ಕೈ ಹಿಡ್ಕೊಂಡು ಬರೋರು. ಬಡಗಿ, ತಲೆ ಪೂರ್ತಿ ಬೆಳ್ಳಗಾಗಿತ್ತು. ಸಾಲಿಗೆ ಬಂದ ತಕ್ಷಣ ಟೋಪಿ ತೆಗೆದು, 'ಎಲ್ರಿಗೂ ಗುಡ್ ಆಫ್ಟರ್‌ನೂನ್' ಅನ್ನೋರು. ಯಾರೂ ತಿರುಗಿ ಅನ್ತಿರ್ಲಿಲ್ಲ. ಆದ್ರೂ ಪ್ರತಿ ವಾರ ಅನ್ನೋರು. ಹೆಂಡತಿ ಇಸ್ಮೇಗೆ ಎರಡೂ ಕಣ್ಣು ಇರ್ಲಿಲ್ಲ... ಹೌದು, ಹುಟ್ಟು ಕುರುಡಿ. ಕುರುಡಿಗೆ ಪಿಕ್ಚರ್ ಯಾಕೆ ಅಂತೀರಾ? ಅವರು ಕಿವಿಯಲ್ಲಿ ಹೇಳೋರು. ಕತ್ತಲಾದ್ರೆ ಆಕೆಯ ಎಡಗಿವಿಗೆ ಬಾಯಿಟ್ಟು, 'ಈಗ ಅವನು ಬಾಗಿಲು ತೆಗೀತಾನೆ, ಇಸ್ಮೇ. ಒಳಗೆ ಯಾರೂ ಇಲ್ಲ. ದೀಪ ಮಾತ್ರ ಉರೀತಿದೆ...' ಆಕೆ ಉಸಿರು ಹಿಡ್ಕೊಂಡು, 'ಆಮೇಲೆ?' ಅನ್ನೋಳು. ಅಷ್ಟು ಚೆನ್ನಾಗಿ ಹೇಳೋರು, ಆ ಬೆಂಚಿನವರೆಲ್ಲ ಪರದೆ ಬಿಟ್ಟು ಅವರ ಕಡೆ ವಾಲಿಕೊಂಡಿರೋರು. ಇಡೀ ಪಿಟ್ಟಿನಲ್ಲಿ ಆ ಒಂದು ಬೆಂಚು ಗಲಾಟೆ ಮಾಡ್ತಿರ್ಲಿಲ್ಲ.

"ಅದೇ ಸೆಲ್ವಿನ್ ಪಾಂಪಿಗೆ ಆಗ್ಲಿಲ್ಲ. ಕಸಾಯಿಖಾನೆಯವನು, ತೋಳು ನೋಡಿದ್ರೆ ಭಯ ಆಗೋದು. ಪಿಟ್ಟಿಗೆ ರಾಜ. ಅವನು ಪರದೆಗೆ ಏನಾದ್ರೂ ಕೂಗಿದ್ರೆ ಎಲ್ರೂ ನಗಬೇಕು. ಒಂದಿನ ಕೂಗಿದ. ಬೋವೆಲ್ ಬೆಂಚಿನಿಂದ ಯಾವನೋ, 'ಶ್... ಅವರು ಹೇಳ್ತಿದಾರೆ, ಸುಮ್ನಿರಯ್ಯಾ' ಅಂದ. ಪಿಟ್ಟೆಲ್ಲ ನಕ್ಕಿತು. ಪಾಂಪಿಯ ತಮಾಷೆಗಲ್ಲ... ಪಾಂಪಿಯನ್ನೇ ನೋಡಿ!

"ಅವನು ಎದ್ದು ಬಂದ. 'ಏ ಮುದುಕಾ, ಬಾಯಿ ಮುಚ್ಚು. ನಿನ್ನ ಪುರಾಣ ಕೇಳೋಕೆ ಬಂದಿಲ್ಲ ನಾವು.'

"'ಕ್ಷಮಿಸಪ್ಪಾ, ದನಿ ಇನ್ನೂ ತಗ್ಗಿಸ್ತೀನಿ' ಅಂದ್ರು ಬೋವೆಲ್.

"'ಕುರುಡಿಗೆ ಯಾಕೋ ಪಿಕ್ಚರು? ಮನೇಲಿ ಗೋಡೆ ನೋಡ್ಕೊಂಡು ಬಿದ್ದಿರ್ಲಿ!'

"ಬೋವೆಲ್ ಎದ್ದು ನಿಂತ್ರು. ಟೋಪಿ ಕೈಯಲ್ಲೇ ಇತ್ತು. 'ನನಗೆ ಏನು ಬೇಕಾದ್ರೂ ಅನ್ನು. ಆಕೆಗೆ ಅಂದಿದ್ದಕ್ಕೆ ಕ್ಷಮೆ ಕೇಳು' ಅಂದ್ರು, ಅಷ್ಟೇ ಮೆತ್ತಗೆ.

"ಪಾಂಪಿ ಬೆಂಚಿನ ಅಂಚಿಗೆ ಬಾಟಲಿ ಕುಟ್ಟಿ ಒಡೆದ. ನಾನು ಆರು ಹೆಜ್ಜೆ ದೂರದಲ್ಲಿದ್ದೆ. ಟಾರ್ಚ್ ಬೆಳಕು ನೆಟ್ಟಗೆ ಅವನ ಮುಖದ ಮೇಲೆ. ಅವನು ನನ್ನ ನೋಡಿ, 'ಆರಿಸೇ' ಅಂದ.

"ಆರಿಸಿದೆ ಮಕ್ಕಳೇ... ನಾನೇ ಆರಿಸಿದೆ.

"ಒದ್ದೆ ಬಟ್ಟೆ ಹರಿದ ಹಾಗೆ ಒಂದು ಸದ್ದು. ಪರದೆ ಮೇಲೆ ಆಗಲೇ ದೊಡ್ಡ ಹೊಡೆದಾಟ, ಗುಂಡಿನ ಸದ್ದು, ಪಿಟ್ಟಲ್ಲಿ ಶಿಳ್ಳೆಯೋ ಶಿಳ್ಳೆ. ಅದರ ನಡುವೆ ಇಸ್ಮೇ ದನಿ. 'ಆಮೇಲೆ?... ಯಾಕ್ರೀ ನಿಲ್ಲಿಸಿದ್ರಿ? ಆಮೇಲೆ ಏನಾಯ್ತು?' ದೀಪ ಬಂದಾಗ ಬೋವೆಲ್ ಆಕೆಯ ಮಡಿಲಲ್ಲಿದ್ರು. ಗಂಟಲು ಕಿವಿಯಿಂದ ಕೊರಳಿನ ಗುಂಡಿಯವರೆಗೂ ಬಾಯಿ ಬಿಟ್ಟಿತ್ತು. ಆಕೆಯ ಬಿಳಿ ಫ್ರಾಕು ಮೊಣಕಾಲಿನವರೆಗೆ ಕೆಂಪು. ಆಕೆ ಇನ್ನೂ ಕೇಳ್ತಾನೇ ಇದ್ಲು.

"ಕೋರ್ಟಿನಲ್ಲಿ ಪಿಟ್ಟಿನ ಒಬ್ಬೊಬ್ಬನೂ ಕತ್ತಲಿತ್ತು ಸ್ವಾಮಿ, ಕಾಣ್ಲಿಲ್ಲ ಅಂದ. ನನ್ನನ್ನೂ ಕರೆಸಿದ್ರು. ಪಾಂಪಿ ಕಟಕಟೆಯಿಂದ ನನ್ನನ್ನೇ ನೋಡ್ತಿದ್ದ. 'ನಾನೂ ನೋಡ್ಲಿಲ್ಲ' ಅಂದೆ. ಅವನು ಬಿಡುಗಡೆಯಾಗಿ ಬಂದ ಶನಿವಾರ ಪಿಟ್ಟಿನವರು ಎದ್ದು ದಾರಿ ಬಿಟ್ರು.

"ಮುಂದಿನ ಶನಿವಾರ ಇಸ್ಮೇ ಒಬ್ಬಳೇ ಕೋಲು ಊರ್ಕೊಂಡು ಬಂದ್ಲು. ಅದೇ ಜಾಗ ಕೇಳಿದ್ಲು, ಕೂರಿಸಿದೆ. ಕತ್ತಲಾಯ್ತು. ಸ್ವಲ್ಪ ಹೊತ್ತಿಗೆ ಆಕೆಯ ತಲೆ ಎಡಕ್ಕೆ ವಾಲಿತು... ನಾನು ನೋಡ್ತಿದ್ದ ಹಾಗೇ ಆಕೆ ಕಿಸಕ್ಕನೆ ನಕ್ಕಳು. ಪಿಟ್ಟಿನಲ್ಲಿ ಇನ್ನೂ ಯಾರೂ ನಕ್ಕಿರ್ಲಿಲ್ಲ. ನಗು ಬರೋ ಸೀನು ಪರದೆ ಮೇಲೆ ಬಂದಿದ್ದು ಆಮೇಲೆ! ಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋದ್ರು. ಮೂರನೇ ವಾರಕ್ಕೆ ಆ ಬೆಂಚಿನಲ್ಲಿ ಆಕೆ ಒಬ್ಬಳೇ.

"ಪಾಂಪಿಗೆ ಹೆದರಿದ ಅಂತ ಅನ್ನಿಸ್ಕೊಳ್ಳೋಕೆ ಆಗತ್ತಾ? ಹೋಗಿ ಆಕೆ ಪಕ್ಕಕ್ಕೇ ದೊಪ್ಪಂತ ಕೂತ. 'ಯಾರಮ್ಮಾ ಹೇಳ್ತಿರೋದು ನಿನಗೆ? ನನಗೂ ಹೇಳ್ಲಿ, ಕೇಳೋಣ.'

"ಇಸ್ಮೇ ಸಿಟ್ಟು ಮಾಡ್ಲಿಲ್ಲ. ಎಡಕ್ಕೆ, ಖಾಲಿ ಜಾಗದ ಕಡೆ ತಿರುಗಿ, 'ಹೇಳಿ ರೀ, ಅವರೂ ಕೇಳ್ಲಿ ಪಾಪ' ಅಂದ್ಲು.

"ಅಷ್ಟೇ, ಪಿಕ್ಚರಿನ ಸದ್ದು ನಿಂತುಹೋಯ್ತು. ಪರದೆ ಮೇಲೆ ಜನ ಬರೀ ಬಾಯಿ ಆಡಿಸ್ತಿದಾರೆ. ಬೇರೆ ದಿನ ಆಗಿದ್ರೆ ಬೆಂಚು ಕಿತ್ತು ಹಾಕೋರು. ಆವತ್ತು ಒಬ್ಬನೂ ಕೆಮ್ಮಲಿಲ್ಲ. ಪಿಸುಮಾತು ಕೇಳಿಸ್ತು... ನನಗೂ, ಎಲ್ರಿಗೂ, ಕಿವಿಯೊಳಗೇ ಹೇಳಿದ ಹಾಗೆ.

"'ಈಗ ಕಸಾಯಿಯವನು ಎದ್ದು ನಿಲ್ತಾನೆ, ಇಸ್ಮೇ.'

"ಪಾಂಪಿ ಎದ್ದು ನಿಂತ.

"'ಆಮೇಲೆ?' ಅಂದ್ಲು ಇಸ್ಮೇ.

"'ಸೊಂಟದಿಂದ ಚೂರಿ ತೆಗೀತಾನೆ.'

"ತೆಗೆದ. ಬಲಗೈ ತೆಗೀತಿದೆ, ಎಡಗೈ ಆ ಮಣಿಕಟ್ಟು ಹಿಡಿದು ಕೆಳಕ್ಕೆ ಜಗ್ತಿದೆ. ಬಾಯಲ್ಲಿ ಜೊಲ್ಲು. ನನ್ನ ಕಡೆ ತಿರುಗಿ, 'ಕ್ಲೋಟಿಲ್ಡ್! ದೀಪ ಹಾಕ್ಸೇ! ಇವಳಿಗೆ ಇನ್ನೇನೂ ಕೇಳಬೇಡ ಅನ್ನೇ!' ಅಂತ ಅರಚಿದ. ಆಗಲೂ ಆ ಪಿಟ್ಟಿನಲ್ಲಿ ಒಬ್ಬ ಕದಲಲಿಲ್ಲ.

"'ಆಮೇಲೆ?'

"'ಆಮೇಲೆ... ನೀನು ಮುಖ ಆ ಕಡೆ ಮಾಡ್ಕೋ, ಇಸ್ಮೇ.'

"ಕಣ್ಣಿಲ್ಲದ ಹೆಂಗಸು ಮುಖ ತಿರುಗಿಸ್ಕೊಂಡ್ಲು. ಪಾಂಪಿ ಕೊಯ್ಕೊಂಡ. ಒಂದೇ ಏಟಿಗೆ ಅಲ್ಲ... ಮೂರು ಸಲ, ಅವಸರವಿಲ್ಲದೆ, ಮೇಕೆ ಕೊಯ್ಯೋ ಹಾಗೆ, ಪ್ರತಿ ಸಲವೂ ಮೂಳೆ ಸಿಕ್ಕೋವರೆಗೆ. ರಕ್ತ ಮುಂದಿನ ಮೂರು ಸಾಲಿನವರ ಮೇಲೆ ಹಾರಿತು, ಅವರು ಒರೆಸ್ಕೊಳ್ಳಲೂ ಇಲ್ಲ. ನನ್ನ ಟಾರ್ಚ್ ಅವನ ಮೇಲೇ ಇತ್ತು. ಆರಿಸೋಣ ಅಂತ ನೋಡಿದೆ, ಬೆರಳು ನನ್ನ ಮಾತು ಕೇಳ್ಲಿಲ್ಲ. ಕೊನೇವರೆಗೂ ನೋಡ್ದೆ.

"ಆಮೇಲೆ ಆ ಪಿಟ್ಟು ಹೇಗೆ ಖಾಲಿಯಾಯ್ತು ಗೊತ್ತಾ? ಟೋಪಿ ಕೈಯಲ್ಲಿ ಹಿಡ್ಕೊಂಡು, ಒಬ್ಬರಿಗೊಬ್ಬರು ದಾರಿ ಬಿಟ್ಕೊಂಡು, ಸಾಲಾಗಿ. ಇಗರ್ಜಿಯಲ್ಲೂ ನಾನು ಅಂಥ ನಡವಳಿಕೆ ನೋಡಿಲ್ಲ."

ಮಳೆ ಸ್ವಲ್ಪ ಇಳಿದಿತ್ತು. ಕೆರ್ವಿನ್ ತಲೆ ತಗ್ಗಿಸಿ ಕುಳಿತಿದ್ದ. "ಆಕೆ ಏನಾದ್ಲು ಟಾಂಟಿ?" ಅಂತ ನಾನು ಕೇಳಿದೆ.

"ಇಸ್ಮೇನಾ? ನೂರು ದಾಟಿದ್ಲು. ಈ ಈಸ್ಟರ್‌ನಲ್ಲಿ ಹೋದ್ಲು. ನಾನು ಆಸ್ಪತ್ರೆಗೆ ನೋಡೋಕೆ ಹೋಗಿದ್ದೆ. ಕೈ ಹಿಡ್ಕೊಂಡು, 'ಬೆಳಕು ನಿನ್ನ ಕೈಲಿತ್ತು ಅಂತ ಅವರು ಆವತ್ತೇ ಹೇಳಿದ್ರು, ಕ್ಲೋಟಿಲ್ಡ್' ಅಂದ್ಲು. ಅರವತ್ತೇಳು ವರ್ಷ ಅದನ್ನ ಬಾಯಿ ಬಿಟ್ಟಿರ್ಲಿಲ್ಲ ಪುಣ್ಯಾತ್ಗಿತ್ತಿ. ಆಕೆ ಹೋದ್ಮೇಲೆ ಬೋವೆಲ್‌ಗೆ ಕೇಳೋರು ಬೇಕಲ್ಲ... ನನ್ನ ಹತ್ರ ಬರ್ತಿದಾರೆ. ಮೊದಮೊದಲು ಸಣ್ಣಪುಟ್ಟದ್ದು. 'ಮುದುಕಿ ಒಲೆ ಹಚ್ತಾಳೆ. ಮುದುಕಿ ಬೆಕ್ಕಿಗೆ ಹಾಲು ಹಾಕ್ತಾಳೆ.' ಅವರು ಹೇಳಿದ ಮೇಲೆ ನಾನು ಮಾಡ್ತೀನಿ. ಇವತ್ತು ಬೆಳಿಗ್ಗೆ, 'ಮಕ್ಕಳು ಬರ್ತಾರೆ, ಮುದುಕಿ ಎಲ್ಲ ಒಪ್ಕೊಳ್ತಾಳೆ' ಅಂದ್ರು. ಅಲ್ಲಿಗೆ ನಿಲ್ಲಿಸಿದ್ರು."

ಕೆರ್ವಿನ್ ಏನೋ ಹೇಳಲು ಬಾಯಿ ತೆರೆದ. ಟಾಂಟಿ ಕೈ ಎತ್ತಿ ತಡೆದಳು. ಅವಳ ತಲೆ ಒಂದು ಪಕ್ಕಕ್ಕೆ ವಾಲಿತ್ತು.

"ಶ್... ಒಂದು ನಿಮಿಷ ಮಾತಾಡ್ಬೇಡ ಮಗಾ. ಮುಂದಿಂದು ಶುರು ಮಾಡಿದಾರೆ... ಕೇಳಿಸ್ಕೊಳ್ತೀನಿ."