ದೇವಿಯ ಹೂವಿನ ಗುಂಡಿಯಲ್ಲಿ ಇಸವಣದ ಮುಳ್ಳು

ಇಷ್ಟು ಕಾಗೆಗಳಿಗೆ ಊಟದ ಕರೆ ಹೋದದ್ದು ಯಾರ ಮನೆಯಿಂದ? ... ಹುಶ್! ಹೋಗ್ತೀರೋ ಇಲ್ಲವೋ...

ಹಲೋ... ಹಲೋ, ಯಾರು ಮಾತಾಡೂದು? ... ಯಾರು?

ಹಾಂ, ದೇವಿದಾಸಣ್ಣ. ಕಲಾವತಿಯೇ. ಬೆಳಂಬಾರದ ಗೊಬ್ಬರದ ಶೆಡ್ಡಲ್ಲೇ ಇದ್ದೇನೆ. ನಿಮ್ಮ ಫೋನು ಬಂದೇ ಬರ್ತದೆ ಅಂತ ಮಾಡಿದ್ದೆ...

ಇಲ್ಲ, ಇನ್ನೂ ಗುಂಡಿ ತೊಳೆದು ಮುಗೀಲಿಲ್ಲ. ಹೇಗೆ ಮುಗೀತದೆ? ಬೆಳಗ್ಗೆ ಭಟ್ರು ನಿರ್ಮಾಲ್ಯದ ಬುಟ್ಟಿ ತಂದು ಗೊಬ್ಬರದ ಗುಂಡಿಗೆ ಸುರಿಯೂಕೆ ಬಗ್ಗಿದ್ರೆ, ದೇವಿಯ ನಿನ್ನೆಯ ಹೂವಿನ ಮೇಲೆ ಇಸವಣ ಮೀನಿನ ಮುಳ್ಳು! ಕಾಗೆಯೊಂದು ಮುಳ್ಳು ಕಚ್ಚಿಕೊಂಡು ಹೋಗಿ ತುಳಸಿಕಟ್ಟೆಯ ಮೇಲೇ ಕೂತಿತ್ತು. ಭಟ್ರು ಬುಟ್ಟಿ ಅಲ್ಲೇ ಇಟ್ಟು ತಿರುಗಿ ಹೋದ್ರು. ಬೈದಿದ್ರೂ ಸಮಾಧಾನ ಆಗ್ತಿತ್ತು...

ಗೊತ್ತು. ಸಂಜೆ ದೇವಿಗೆ ಹೂ ಹಚ್ಚಿ ಪ್ರಸಾದ ಕೇಳ್ತಾರೆ ಅಂತ ಗೊತ್ತು. ಹೂ ಬಲಕ್ಕೆ ಬಿದ್ರೆ ಶೆಡ್ಡು ಉಳೀತದೆ, ಎಡಕ್ಕೆ ಬಿದ್ರೆ ದೇವಸ್ಥಾನದ ಜಾಗ ಬಿಟ್ಟು ಎದ್ದು ಹೋಗಬೇಕು. ಕಮಿಟಿ ಅಧ್ಯಕ್ಷರು ನೀವೇ ಅಲ್ವಾ? ಜಾಗ ಕೊಡುವಾಗ, ಮೀನು ಮಾಂಸ ಚೂರೂ ಒಳಗೆ ಬರಬಾರದು ಅಂತ ಶರತ್ತು ಹಾಕಿದ್ದೂ ನೀವೇ...

ಹಾಂ? ... ಯಾರು? ... ಇನ್ನೊಮ್ಮೆ ಹೇಳಿ.

ಕಾಮಿಯಾ?

ಕಾಮಿ ಹೊಳೆಯ ಚಿಪ್ಪಿ, ಬೆಳಚು ಮಾರಿ ಬಂದು ಇಲ್ಲಿ ಕಸ ಆರಿಸ್ತಾಳೆ, ಹೌದು. ಅವಳ ಸೀರೆಗೆ ಮೀನಿನ ವಾಸನೆ ಅದೆ, ಹೌದು. ಅದಕ್ಕೇ ಅವಳ ಹೆಸರು ಹೇಳಿದ್ರೆ ಜನ ನಂಬ್ತಾರೆ ಅಂತ, ಅಲ್ವಾ? ... ಅಲ್ವಾ? ... ಬುಟ್ಟಿಯನ್ನು ಗೇಟಿನ ಹೊರಗೆ ಗೇರುಮರದ ಬುಡದಲ್ಲಿಟ್ಟು, ಕೈಕಾಲು ತೊಳೆದು ಒಳಗೆ ಬರುವವಳು ಅವಳು. ಮತ್ತೆ, ಬೆಳಚು ಮಾರಿ ಗಂಜಿ ಕುಡಿಯುವವಳಿಗೆ ಅಷ್ಟು ದುಬಾರಿ ಇಸವಣ ಎಲ್ಲಿಂದ ಬರಬೇಕು, ಹೇಳಿ ನೋಡುವಾ.

ಸಿಟ್ಟು ಯಾಕೆ ಮಾಡ್ತ್ರಿ? ... ಅಡುಗೆಯವರು ಮಾಡಿದ್ದಾ? ನಿಮಗೆ ಗೊತ್ತೇ ಇರ್ಲಿಲ್ವಾ? ... ಮೊನ್ನೆ ಅಂಕೋಲೆಯಲ್ಲಿ ನಿಮ್ಮದೇ ಮಂಟಪದಲ್ಲಿ ನಿಮ್ಮ ಮಗಳ ಮದುವೆ. ಬಾಳೆ ಎಲೆ, ಹೂ ಎಲ್ಲ ಬೇರೆ ಮಾಡಿ ಚಂದ ಮಾಡಿ ಇಲ್ಲಿಗೆ ಕಳಿಸಿದ್ರಿ. ನಿನ್ನೆ ಅಲ್ಲೇ ಚಿತ್ತಾಕುಲದ ಬೀಗರಿಗೆ ಮೀನೂಟ. ಆ ಮುಳ್ಳು, ಪ್ಲೇಟು, ಬಾಟಲಿ ಎಲ್ಲ ಎಲೆಯ ಅಡಿಗೆ ತುರುಕಿ, ಮೇಲೆ ಸೇವಂತಿಗೆ ಹೊದಿಸಿ, ನಾವು ಬೀಗ ಹಾಕಿ ಹೋದ ಮೇಲೆ ಗೋಡೆ ಮೇಲಿಂದ ಸುರಿದದ್ದು ಅಡುಗೆಯವರ ಬುದ್ಧಿಯಾ? ... ಪುರಸಭೆ ಗಾಡಿಯವರು ಬೆರೆಸಿದ ಕಸ ಮುಟ್ಟೂದಿಲ್ಲ ಅಂದ್ರೆ, ದೇವಿಯ ಗುಂಡಿಯಲ್ಲಿ ತಂದು ಹುಗಿಯೂದಾ?

ಮೀನು ಅಂದ್ರೆ ನನಗೇನು ಅಸಹ್ಯ ಇಲ್ಲ ಮಾರಾಯ್ರೇ. ನಮ್ಮ ಮನೆಯಲ್ಲೂ ನಿನ್ನೆ ಬಂಗಡೆ ಸಾರು. ಅದರ ತಲೆ, ಮುಳ್ಳು ಎಲ್ಲ ತೆಂಗಿನ ಬುಡಕ್ಕೆ ಹೋಯ್ತು. ನಿಮಗೆ ತೆಂಗಿನ ತೋಟ ಇಲ್ವಾ? ಒಂದು ಗುಂಡಿ ತೋಡಿಸೂಕೆ ಆಳು ಸಿಗ್ಲಿಲ್ವಾ? ...

ಎಂತಾ? ... ಸುಮ್ಮನಿದ್ರೆ ಶೆಡ್ಡಿಗೆ ಹೊಸ ತಗಡು ಹೊದಿಸಿಕೊಡ್ತ್ರಾ? ... ಶೆಡ್ಡೇ ಇಲ್ಲದಿದ್ರೆ ತಗಡು ಯಾರ ತಲೆ ಮೇಲೆ ಹೊದಿಸೂದು?

ನಾನು ಬಾಯಿ ಮಾಡುವವಳಲ್ಲ, ನಿಮಗೂ ಗೊತ್ತು. ಶ್ರಾವಣದಲ್ಲಿ ಪುರಾಣ ಓದುವಾಗ ಕಂಬದ ಹಿಂದೆ ಕೂತು, ಕೇಳಿ, ಎದ್ದು ಹೋಗುವವಳು. ... ಹಾಂ? ಇವತ್ತೂ ಹಾಗೇ ಸುಮ್ಮನೆ ಕೂರು ಅಂತ್ರಾ? ... ಒಂದು ಕೇಳ್ತೇನೆ. ದೇವಿಯ ಎದುರು ಬಾಯಿಬಿಟ್ಟು ಪ್ರಶ್ನೆ ಹೇಳುವವರು ನೀವು. ಶೆಡ್ಡಿನ ಹೆಂಗಸರು ಮೈಲಿಗೆ ಮಾಡಿದ್ರು, ಇರಬೇಕೋ ಹೋಗಬೇಕೋ ಅಂತ ಅರ್ಧ ಪ್ರಶ್ನೆ ಕೇಳಿದ್ರೆ, ಅವಳು ಹೂವನ್ನು ಯಾವ ಕಡೆಗೆ ಬಿಡಬೇಕು? ... ಹೇಳಿ. ... ಆ ಹೂವೂ ನಾಳೆ ಇದೇ ಗುಂಡಿಗೆ ಬರಬೇಕಾದದ್ದು, ದೇವಿದಾಸಣ್ಣ. ಇಲ್ಲದಿದ್ರೆ ಮೊದಲಿನ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಳ್ಳಕ್ಕೆ.

ಇರಿ... ಹಾರ್ನ್ ಕೇಳ್ತದೆ. ಗೇಟಿನ ಹತ್ರ ನಿಮ್ಮ ಟೆಂಪೋ. ಡ್ರೈವರ್ ಸಂಕೇತ ಬಂದಿದ್ದಾನೆ. ... ಇವತ್ತು ಮಂಟಪದಲ್ಲಿ ಏನೂ ಇರ್ಲಿಲ್ಲ ಅಲ್ವಾ? ... ಖಾಲಿ ಟೆಂಪೋ ಯಾಕೆ ಕಳಿಸಿದ್ರಿ?

ಓಹೋ.

ಆ ಬಾಟಲಿ ಚೀಲಕ್ಕಾ? ಮದುವೆಯ ನೀರಿನ ಬಾಟಲಿ ಮೇಲೆ ನಿಶಾ, ವಿಕಾಸ ಅಂತ ಹೆಸರು, ಜೋಡಿ ಫೋಟೋ ಸಮೇತ ಅಚ್ಚು ಹಾಕಿಸಿದ್ರಲ್ಲ. ಫೋಟೋ ಚಂದ ಬಂದದೆ. ಮುಳ್ಳಿನ ಸಂಗಡ ಸಿಕ್ಕಿದ್ದನ್ನೆಲ್ಲ ಆರಿಸಿ, ತೊಳೆದು, ಬಾಯಿ ಕಟ್ಟಿ ಇಟ್ಟದೆ. ಆರಿಸಿದವಳು ಕಾಮಿಯೇ...

ಮಗಳ ಹೆಸರು ಊರಿನವರ ಬಾಯಿಗೆ ಬೀಳ್ತದೆ ಅಂತ ಈಗ ಹೆದರಿಕೆ ಆಯ್ತಾ? ... ಕಾಮಿಗೂ ಮಗಳಿದ್ದಾಳೆ. ಬೇಬಿ. ಅವಳ ಮದುವೆ ಮಾತು ಈಗ ಶುರುವಾಗಿದೆ. ದೇವಿಯ ಹೂವಿಗೆ ಮೈಲಿಗೆ ಮಾಡಿದವಳ ಮಗಳು ಅಂತಾದ್ರೆ ಆ ಗಂಡಿನವರು ಬರ್ತಾರಾ?

ನೀವು ಪ್ರಶ್ನೆ ಪೂರ್ತಿ ಹೇಳಿ, ಮುಳ್ಳು ಎಲ್ಲಿಂದ ಬಂತು ಅಂತಲೂ ಸೇರಿಸಿ. ಚೀಲದ ಬಾಯಿ ಯಾರೂ ಬಿಚ್ಚೂದಿಲ್ಲ. ಅರ್ಧ ಹೇಳಿದ್ರೆ, ಹೊತ್ತುಕೊಂಡು ಬರ್ತೇನೆ. ಕಂಬದ ಹಿಂದೆ ಅಲ್ಲ, ಎದುರಿಗೇ...

ಕೂಗಬೇಡಿ. ... ಅಧ್ಯಕ್ಷರಾಗಿ ಅಲ್ಲ, ಅಣ್ಣನಾಗಿ ಕೇಳ್ತ್ರಾ? ... ಸಂಕೇತನ ಕೈಗೆ ಚೀಲ ಕೊಟ್ಟುಬಿಡು, ಇದೊಂದು ಸಲ ಅಂತ್ರಾ? ...

ಸರಿ, ಅಣ್ಣಾ ಅಂತಲೇ ಹೇಳ್ತೇನೆ, ಕೇಳಿ. ಸಂಕೇತಾ, ಗಾಡಿ ತಿರುಗಿಸು. ... ಕೊಡೂದಿಲ್ಲ, ಅಣ್ಣಾ. ಕೊಡೂದೇ ಇಲ್—