ಅಣ್ಣನ ತೂಕ, ನನ್ನ ಬರಹ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಡಾಕ್ಟರೇ, ನಮ್ಮ ಆರೋಗ್ಯ ಕೇಂದ್ರದ ನರ್ಸಮ್ಮನವರೇ, ಮನೆಯ ಕಾಯಿಲೆಯವರನ್ನು ಎರಡು ಗಂಟೆಯ ಮಟ್ಟಿಗೆ ಯಾರದೋ ಕೈಗೊಪ್ಪಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವ ಸಭಿಕರೇ,

ಹೃದಯದ ಕಾಯಿಲೆಯ ವಿಷಯದಲ್ಲಿ ಈ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮುಖ ನೋಡಿದರೆ ಸಾಕು, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂದು ಹೇಳಬಲ್ಲೆ. ಇಲ್ಲಿರುವ ಡಾಕ್ಟರೂ ನನ್ನನ್ನು ಕೇಳಿಯೇ ಮದ್ದು ಬರೆಯುವುದು. ಅವರು ತಲೆ ಆಡಿಸುತ್ತಿದ್ದಾರೆ. ಹೌದೆಂದೋ ಅಲ್ಲವೆಂದೋ ನನ್ನ ಕನ್ನಡಕಕ್ಕೆ ಸರಿಯಾಗಿ ಕಾಣುತ್ತಿಲ್ಲ. ನನ್ನ ಓದು ಏಳನೇ ತರಗತಿಯವರೆಗೆ. ಆ ತರಗತಿ ನನಗೆ ಎಷ್ಟು ಹಿಡಿಸಿತೆಂದರೆ ಅಲ್ಲಿಯೇ ಎರಡು ವರ್ಷ ಇದ್ದೆ.

ಮನೆಯಲ್ಲಿ ಆರೈಕೆ ಮಾಡುವವರ ಈ ಸಭೆಗೆ ನನ್ನನ್ನೇಕೆ ಕರೆದರು? ನಾಲ್ಕು ದಿನ ಅಣ್ಣನನ್ನು ನೋಡಿಕೊಂಡೆ ಎಂದು. ಎರಡು ವರ್ಷದಿಂದ ನೋಡಿಕೊಳ್ಳುತ್ತಿರುವ ಅತ್ತಿಗೆ ಕೆಳಗೆ ಎರಡನೇ ಸಾಲಿನಲ್ಲಿದ್ದಾರೆ, ನಾಲ್ಕು ದಿನದವನು ಮೈಕಿನ ಮುಂದೆ ನಿಂತಿದ್ದಾನೆ. ಇದರಲ್ಲಿ ತಪ್ಪೇನಿದೆ? ಅವರಿಗೆ ಕೆಲಸ ಬರುತ್ತದೆ, ನನಗೆ ಮಾತು ಬರುತ್ತದೆ.

ನಮ್ಮ ಅಣ್ಣ ನಲವತ್ತು ವರ್ಷ ದವಸದ ಗೋದಾಮಿನಲ್ಲಿ ಮೂಟೆ ತೂಗಿದವನು. ಈಗ ಅವನ ಹೃದಯಕ್ಕೆ ಶಕ್ತಿ ಸಾಲದು, ಮೈಯಲ್ಲಿ ನೀರು ನಿಲ್ಲುತ್ತದೆ. ಜೊತೆಗೆ ಮರೆವಿನ ಕಾಯಿಲೆ. ಡಾಕ್ಟರ ಕಟ್ಟಪ್ಪಣೆ ಹೀಗೆ: ದಿನಕ್ಕೆ ಒಂದೂವರೆ ಲೀಟರ್ ನೀರು, ಉಪ್ಪು ಕೈ ಬಿಗಿಹಿಡಿದು, ಬೆಳಿಗ್ಗೆ ಎದ್ದ ಕೂಡಲೇ ತೂಕ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ತಡಮಾಡದೆ ಫೋನು. ಹೇಳುವುದು ಸುಲಭ. ಆದರೆ ನೀರು ಕುಡಿದದ್ದನ್ನೇ ಮರೆಯುವವನಿಗೆ ನೀರು ಅಳೆದು ಕೊಡುವುದು ಹೇಗೆ? ಅತ್ತಿಗೆ ಬೆಳಿಗ್ಗೆ ಒಂದು ಜಗ್ ತುಂಬಿಡುತ್ತಾರೆ, ಕಾಫಿಯ ನೀರೂ ಅದರಿಂದಲೇ. ಅಣ್ಣ ಹೆಚ್ಚು ಕೇಳಿದರೆ ಹಳೆಯ ತಕ್ಕಡಿ ಮತ್ತು ಒಂದು ಸೇರು ಕಾಳು ಮುಂದಿಡುತ್ತಾರೆ. ತೂಗುತ್ತ ಬಾಯಾರಿಕೆಯನ್ನೇ ಮರೆಯುತ್ತಾನೆ.

ಅತ್ತಿಗೆ ಮಗಳ ಮನೆಗೆ, ಹೊಸ ಮೊಮ್ಮಗಳನ್ನು ನೋಡಲು ಹೊರಟರು. ಎರಡು ವರ್ಷದಲ್ಲಿ ಅದೇ ಮೊದಲು ಹೊಸಿಲು ದಾಟಿದ್ದು. ನಾನು ಎದೆ ತಟ್ಟಿ, "ಹೋಗಿ ಬನ್ನಿ ಅತ್ತಿಗೆ, ನೂರು ಗ್ರಾಂ ಕೂಡ ಏರೋಕೆ ಬಿಡಲ್ಲ" ಎಂದೆ.

"ಏನಪ್ಪಾ ಮೈದುನ, ಪಂದ್ಯ ಕಟ್ತೀಯಾ?" ಎಂದರು. "ಇವತ್ತು ಐವತ್ತೆಂಟು ಕಿಲೋ ಇದ್ದಾರೆ. ಯಾವ ದಿನವಾದ್ರೂ ಅದರ ಮೇಲೆ ಹೋದ್ರೆ ನೂರು ಗ್ರಾಂಗೆ ನೂರು ರೂಪಾಯಿ ಕೊಡಬೇಕು."

ಕಟ್ಟಿದೆ. ಗಂಡಸು ನೋಡಿ.

ಅವರು ಬೀದಿಯ ತಿರುವು ದಾಟುವ ಮೊದಲೇ ಅಣ್ಣ ಶುರು ಮಾಡಿದ. "ತಮ್ಮಾ, ಬೆಳಿಗ್ಗೆಯಿಂದ ಒಂದು ಹನಿ ನೀರು ಕೊಟ್ಟಿಲ್ಲ ಕಣೋ." ಅವನ ಮೀಸೆಯ ಮೇಲೆ ಆಗತಾನೆ ಕುಡಿದ ನೀರು ಇನ್ನೂ ಇತ್ತು. ತಕ್ಕಡಿ ತಂದಿಡಬೇಕಿತ್ತು. ಆದರೆ ಅವನು ಎಷ್ಟು ದಿನಗಳ ಮೇಲೆ ನನ್ನನ್ನು ಗುರುತಿಸಿ ತಮ್ಮಾ ಎಂದಿದ್ದ! ಕೊಟ್ಟೆ. ಮತ್ತೆ ಕೇಳಿದ, ಮತ್ತೆ ಕೊಟ್ಟೆ. ಉಪ್ಪು ಹಾಕಿ ಹುರಿದ ಕಡಲೆಕಾಯಿಯನ್ನೂ ಇಬ್ಬರೂ ಕೂತು ತಿಂದೆವು. ಅಷ್ಟು ಸಂತೋಷವಾಗಿ ನಾವು ಚಿಕ್ಕಂದಿನಲ್ಲೂ ಕೂತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವನ ಕಾಲು ಚಪ್ಪಲಿಗೆ ಹಿಡಿಸಲಿಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ತುಸು ಏರಿತ್ತು. ಎಷ್ಟು ತುಸು ಎಂದು ಈಗಲೇ ಕೇಳಬೇಡಿ. ನಾನು ದಿನದ ತೂಕ ಬರೆದಿಡುವ ಪುಸ್ತಕ ತೆಗೆದು ಐವತ್ತೆಂಟು ಕಿಲೋ ಮುನ್ನೂರು ಗ್ರಾಂ ಎಂದು ದುಂಡಗೆ ಬರೆದೆ.

ಹೆಂಡತಿಯ ಹೆಸರು ಮರೆತವನು, ಊಟ ಮರೆತವನು, ಬಗ್ಗಿ ಯಂತ್ರದ ಅಂಕಿ ನೋಡಿದ. ಆಮೇಲೆ ನನ್ನ ಪುಸ್ತಕ ನೋಡಿದ. "ಏನಯ್ಯಾ ಗುಮಾಸ್ತ, ಕಣ್ಣು ಕಾಣಲ್ವಾ? ಸುಳ್ಳು ತೂಕ ಬರೀತೀಯಾ? ಇದು ಯಾರ ಮೂಟೆಯೋ ಏನೋ, ಪಾಪ. ಅವನಿಗೂ ಮನೆಯಲ್ಲಿ ಕಾಯೋರು ಇರ್ತಾರೆ."

ಸಭಿಕರೇ, ಆ ಮೂಟೆ ಅವನೇ. ಪೆನ್ನು ಕೆಳಗಿಟ್ಟೆ. ನರ್ಸಮ್ಮನಿಗೆ ಫೋನು ಮಾಡಿದೆ. ಅವರು ಸೈಕಲ್ಲಿನಲ್ಲಿ ಬಂದರು. ಡಾಕ್ಟರನ್ನು ಕೇಳಿ, ನೀರಿಳಿಯುವ ಇಂಜೆಕ್ಷನ್ ಕೊಟ್ಟರು. ಇನ್ನೊಂದು ದಿನ ಬಿಟ್ಟಿದ್ದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ ಎಂದರು. ನಾಲ್ಕನೆಯ ಸಂಜೆ ಅತ್ತಿಗೆ ಬರುವಷ್ಟರಲ್ಲಿ ಕಾಲು ಚಪ್ಪಲಿಗೆ ಹಿಡಿಸುತ್ತಿತ್ತು. ಪುಸ್ತಕವನ್ನು ಮಾತ್ರ ನಾನು ತಿದ್ದಲಿಲ್ಲ. ಮುನ್ನೂರು ರೂಪಾಯಿ ಎಣಿಸಿ ಕೊಟ್ಟೆ. ಅತ್ತಿಗೆ ನಕ್ಕು, "ಪರವಾಗಿಲ್ಲ, ನೀನೂ ಮನುಷ್ಯನಾದೆ" ಎಂದರು. ಯಂತ್ರವನ್ನೂ ಪುಸ್ತಕವನ್ನೂ ನೋಡಿದ್ದ ನರ್ಸಮ್ಮ ಮಾತ್ರ, "ನಿಜವನ್ನು ನೀವೇ ಹೇಳಬೇಕು, ಇಲ್ಲದಿದ್ದರೆ ನಾನು ಹೇಳ್ತೀನಿ" ಎಂದು ನನಗೆ ಈ ಸಭೆಯವರೆಗೆ ಗಡುವು ಕೊಟ್ಟರು.

ನಾಡಿದ್ದು ಅತ್ತಿಗೆಗೆ ಕಣ್ಣಿನ ಆಪರೇಷನ್. ಅಣ್ಣನನ್ನು ಬಿಟ್ಟು ಹೋಗುವುದು ಹೇಗೆಂದು ಎರಡು ಸಲ ಮುಂದೂಡಿದ್ದಾರೆ. ಈಗ ಕಣ್ಣು ಮಂಜಾಗಿ, ಮಾತ್ರೆಯ ಹಾಳೆಗಳನ್ನು ಬೆರಳಿನಿಂದ ಗುರುತಿಸುತ್ತಾರೆ. ಈ ಸಲ ಒಪ್ಪಿದ್ದು ನನ್ನ ಪುಸ್ತಕವನ್ನು ನಂಬಿ. ನಿಜ ಹೇಳಿದರೆ ಅವರು ಹೋಗದೆ ಉಳಿದಾರು, ಹೇಳದಿದ್ದರೆ ಸುಳ್ಳನ್ನು ನಂಬಿ ಹೋದಾರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅತ್ತಿಗೆ, ಹೋಗಿ. ನೀವು ಮನೆಯಲ್ಲಿಲ್ಲದ ಆರು ದಿನವೂ ನರ್ಸಮ್ಮ ಬೆಳಿಗ್ಗೆ ಬಂದು ತಾವೇ ತೂಗಿ, ತಾವೇ ಬರೆಯಲು ಒಪ್ಪಿದ್ದಾರೆ. ನಾನು ಅಣ್ಣನ ರಟ್ಟೆ ಹಿಡಿದುಕೊಳ್ಳುವವನಷ್ಟೇ. ಅದೂ ಬೇಡ ಅನ್ನಿಸಿದರೆ ಬೇರೆ ಯಾರನ್ನಾದರೂ ಇಡಿ, ನನಗೆ ಬೇಸರವಿಲ್ಲ. ಕಣ್ಣನ್ನು ಮಾತ್ರ ಮುಂದೂಡಬೇಡಿ.

ಇಷ್ಟು ಹೊತ್ತು ಸಹಿಸಿದ ತಮಗೆಲ್ಲ, ಗಂಟೆ ಬಾರಿಸದೆ ಬಿಟ್ಟ ಅಧ್ಯಕ್ಷರಿಗೆ, ಬಾಯಿ ಬಿಡದೆ ಕಾದ ನರ್ಸಮ್ಮನಿಗೆ ವಂದನೆಗಳು. ಅತ್ತಿಗೆ, ಪಂದ್ಯದಲ್ಲಿ ನಾನು ಸೋತದ್ದು ಮುನ್ನೂರು ರೂಪಾಯಿ ಅಲ್ಲ. ಎರಡು ಸಾವಿರದ ಆರುನೂರು.

ನಮಸ್ಕಾರ.